ಎಕ್ಸ್‌ಪಿಯಲ್ಲಿ ಕೂತ ಶನಿ

ಹೋದ ಭಾನುವಾರ ನನ್ನ ಹೆಂಡತಿ ವಾರಿಜಾ ಸ್ಟೂಲಿನ ಮೇಲೆ ನಿಂತು ಬಚ್ಚಲುಮನೆಯ ಮೇಲಿನ ಅಟ್ಟ ಖಾಲಿ ಮಾಡುತ್ತಿದ್ದಳು. ಸ್ಟೂಲು ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ನಂಬಿ ಒಪ್ಪಿಸಿದ ಜವಾಬ್ದಾರಿಗಳಲ್ಲಿ ಇದೇ ದೊಡ್ಡದು. ಅಷ್ಟರಲ್ಲಿ ಗುಲಾಬಿ ಹೂವಿನ ಬಟ್ಟೆಯ ಗವುಸೊಂದು ಧೂಳಿನ ಸಮೇತ ನನ್ನ ತಲೆಯ ಮೇಲೆ ಇಳಿಯಿತು.

“ಇದು ಎಂತದ್ದು ಗೊತ್ತಾಯ್ತಾ?” ಎಂದು ಮೇಲಿನಿಂದ ಕೇಳಿದಳು.

ಗೊತ್ತಾಗದೆ ಏನು? ನಮ್ಮ ಮೊದಲ ಕಂಪ್ಯೂಟರಿಗೆ ಅವಳೇ ಹಳೆಯ ಪರದೆ ಕತ್ತರಿಸಿ ಹೊಲಿದ ಮುಸುಕು. ಆ ಕಾಲದಲ್ಲಿ ನಿಮ್ಮ ಮನೆಯಲ್ಲೂ ಒಂದು ಇದ್ದಿರಬೇಕು. ಮಕ್ಕಳಿಗೆ ಸ್ವೆಟರ್ ಇಲ್ಲದಿದ್ದರೂ ಕಂಪ್ಯೂಟರಿಗೆ ಅಂಗಿ ಇರಲೇಬೇಕಾಗಿದ್ದ ಕಾಲ ಅದು.

“ಒಲೆಕಟ್ಟೆ ಒರೆಸಲಿಕ್ಕೆ ಆಗ್ತದೆ. ಆ ಕಡೆ ಇಡಿ,” ಎಂದಳು. ನಾನು ಇಟ್ಟೆ. ಆದರೆ ಅದನ್ನು ಕಂಡ ಮೇಲೆ ಮನಸ್ಸು ಸ್ಟೂಲಿನ ಹತ್ತಿರ ನಿಲ್ಲಲಿಲ್ಲ. ಆ ಗವುಸಿನ ಒಳಗಿದ್ದ ಯಂತ್ರದ ಮುಂದೆ ಕೂತು ಎರಡು ವರ್ಷ ನಾನು ಮಾಡಿದ ಘನಕಾರ್ಯವನ್ನು ಇಷ್ಟು ದಿನ ಹೆಚ್ಚು ಜನರಿಗೆ ಹೇಳಿಲ್ಲ. ಯಾರಿಗೆ ಹೇಳಿದೆನೋ ಅವರಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಆ ಕಥೆ ಮುಂದೆ ಬರುತ್ತದೆ.

ಎರಡು ಸಾವಿರದ ನಾಲ್ಕರ ದಸರಾ ಹೊತ್ತಿಗೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಕಂಪ್ಯೂಟರ್ ಬಂತು. ಮಗಳು ಶ್ರೇಯಾ ಆಗ ಏಳನೇ ಕ್ಲಾಸು. ಶಾಲೆಯಲ್ಲಿ ‘ಪ್ರಾಜೆಕ್ಟ್’ ಎಂಬ ಪಿಡುಗು ಆಗಷ್ಟೇ ಶುರುವಾಗಿತ್ತು. ಸ್ಟೇಶನ್ ಹತ್ತಿರದ ಅಂಗಡಿಯವನು ಭಾಗ ಭಾಗ ಜೋಡಿಸಿಕೊಟ್ಟ ಯಂತ್ರವನ್ನು ರಿಕ್ಷಾದಲ್ಲಿ ತಂದೆವು. ಗುಂಡಿ ಬಂದಾಗಲೆಲ್ಲ ನಾನು ತೊಡೆಯ ಮೇಲಿದ್ದ ಮಾನಿಟರನ್ನು ಅಪ್ಪಿಕೊಂಡೆ. ಶ್ರೇಯಾ ಹುಟ್ಟಿದಾಗ ಆಸ್ಪತ್ರೆಯಿಂದ ಅವಳನ್ನೂ ಇಷ್ಟು ಜೋಪಾನವಾಗಿ ತಂದಿರಲಿಲ್ಲ ಎಂದು ವಾರಿಜಾ ಇವತ್ತಿಗೂ ಹೇಳುತ್ತಾಳೆ. ಆಯುಧಪೂಜೆಯ ದಿನ ಮಾನಿಟರಿಗೆ ಕುಂಕುಮ, ಸಿಪಿಯುಗೆ ಸೇವಂತಿಗೆ. ಎಂಟರ್ ಕೀಲಿಯ ಸಂದಿಗೆ ಅಕ್ಷತೆ ಸಿಕ್ಕಿ, ಒತ್ತಿದ ಕೀಲಿ ಒಂದು ವಾರ ಮೇಲೇಳಲಿಲ್ಲ. ಒಳಗೆ ಎಕ್ಸ್‌ಪಿ ಎಂಬ ವ್ಯವಸ್ಥೆ ಇದೆ ಎಂದು ಅಂಗಡಿಯವನು ಹೇಳಿದ್ದ. ‘ಎಕ್ಸ್‌ಪಿ’ ಎಂದರೇನು ಎಂದು ಕೇಳಲಿಲ್ಲ. ಪಂಚಗವ್ಯದಲ್ಲಿ ಏನೇನಿದೆ ಎಂದು ಕುಡಿಯುವಾಗ ಯಾರಾದರೂ ಕೇಳುತ್ತಾರೆಯೆ?

ಮೊದಲ ವರ್ಷ ಅದರಲ್ಲಿ ಯಾರೂ ಏನೂ ಕಲಿಯಲಿಲ್ಲ. ವಾರಿಜಾ ಮಾತ್ರ ಒಂಟಿಯಾಗಿ ಆಡುವ ಇಸ್ಪೀಟಾಟವನ್ನು ಕಂಡುಹಿಡಿದು, ಮಧ್ಯಾಹ್ನದ ನಿದ್ದೆ ಬಿಟ್ಟಳು. ಆಮೇಲೊಂದು ದಿನ ಠಾಣೆ ಶಹರದ ನೌಪಾಡಾದಲ್ಲಿ ಆಫೀಸು ಬಿಟ್ಟು ಬರುವಾಗ ಪುಸ್ತಕ ಪ್ರದರ್ಶನವೊಂದಕ್ಕೆ ಹೊಕ್ಕೆ. ಅಲ್ಲಿ ಕನ್ನಡದಲ್ಲಿ ಜಾತಕ ಬರೆದುಕೊಡುವ ಒಂದು ಸಿ.ಡಿ. ಕಣ್ಣಿಗೆ ಬಿತ್ತು. ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಸಾಕು. ಮೊದಲ ಪುಟದಲ್ಲಿ ಗಣಪತಿ, ಆಮೇಲೆ ಹದಿನಾಲ್ಕು ಪುಟ ಕೋಷ್ಟಕ, ಕೊನೆಯ ಪುಟದಲ್ಲಿ ‘ಸದ್ಯದ ದಶಾಫಲ’. ಅಂದರೆ, ಈಗ ಯಾವ ಗ್ರಹ ನಿಮ್ಮ ಹೆಗಲ ಮೇಲಿದೆ, ಇಳಿಯಲು ಇನ್ನೆಷ್ಟು ಸಮಯ ಬಾಕಿ ಎಂಬ ಲೆಕ್ಕ.

ಜಾತಕದ ವಿಷಯದಲ್ಲಿ ನನ್ನ ರಕ್ತದಲ್ಲಿ ಏನೋ ಇದೆ ಎಂದು ನನಗೆ ಮೊದಲಿನಿಂದಲೂ ಗುಮಾನಿ. ಉಡುಪಿಯ ಹತ್ತಿರದ ಹಳ್ಳಿಯಲ್ಲಿ ನನ್ನ ಅಜ್ಜ ಜಾತಕ ನೋಡುತ್ತಿದ್ದರು. ಒಂಬತ್ತು ಗಂಟೆಗೆ ಬಂದವನನ್ನು ಜಗಲಿಯಲ್ಲಿ ಕೂರಿಸಿ, ಪಂಚಾಂಗ ಬಿಡಿಸಿ, ಸ್ಲೇಟಿನಲ್ಲಿ ಗುಣಿಸಿ, ಭಾಗಿಸಿ, ಒರೆಸಿ, ಮತ್ತೆ ಗುಣಿಸಿ, ಊಟದ ಹೊತ್ತಾದರೂ ಬಾಯಿ ಬಿಡುತ್ತಿರಲಿಲ್ಲ. ಎಷ್ಟೋ ಸಲ “ಲೆಕ್ಕ ಕೂಡ್ತಾ ಇಲ್ಲ, ನಾಳೆ ಬಾ” ಎಂದು ಕಳಿಸಿಬಿಡುತ್ತಿದ್ದರು. ಬಂದವನಿಗೆ ಮಜ್ಜಿಗೆ ತಂದುಕೊಡುವ ಕೆಲಸ ನನ್ನದಾಗಿದ್ದರಿಂದ ನನಗೆ ಬೇಸರ. ಒಮ್ಮೆ ಕೇಳಿಯೇಬಿಟ್ಟೆ: “ಅಜ್ಜ, ಒಂದು ಅಂದಾಜಿಗೆ ಹೇಳಿ ಕಳಿಸಬಾರದಾ?”

“ಅಂದಾಜಿಗೆ ಹೇಳ್ಲಿಕ್ಕೆ ನಾನು ಯಾಕೆ? ಅವನ ಹೆಂಡತಿ ಸಾಕು,” ಎಂದರು ಅಜ್ಜ.

ಹೇಳುವ ಮೊದಲು ಅವರು ಎರಡು ಸಲ ಕೆಮ್ಮುತ್ತಿದ್ದರು. ಅವರ ಗಣಿತ, ಸ್ಲೇಟು, ತಾಳ್ಮೆ ಇವು ಯಾವುದೂ ನನಗೆ ಬರಲಿಲ್ಲ. ಕೆಮ್ಮು ಬಂತು. ಪ್ರಿಂಟರಿನಿಂದ ಕೊನೆಯ ಪುಟ ಹೊರಬೀಳುವವರೆಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಎರಡು ಸಲ ಕೆಮ್ಮಿ, ಅದರಲ್ಲಿ ಬರೆದದ್ದನ್ನೇ ನಾನು ಓದುತ್ತಿದ್ದೆ. ನಡುವಿನ ಹದಿನಾಲ್ಕು ಪುಟಗಳನ್ನು ಯಾರೂ ಓದುತ್ತಿರಲಿಲ್ಲ, ಮುಖ್ಯವಾಗಿ ನಾನು.

ಅಷ್ಟಕ್ಕೇ ನನ್ನ ನಸೀಬು ಬದಲಾಯಿತು. ಕನ್ನಡ ಸಂಘದ ಸಭೆಗಳಲ್ಲಿ ಅಲ್ಲಿಯವರೆಗೆ ನನಗೆ ಹಿಂದಿನ ಸಾಲಿನಲ್ಲಿ ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕದ ಕುರ್ಚಿ. ಈಗ ಮುಂದಿನ ಸಾಲು, ಅದೂ ಫ್ಯಾನಿನ ಕೆಳಗೆ. ಠಾಣೆಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಸಿಗದ ಮರ್ಯಾದೆ ಒಂದು ಸಿ.ಡಿ.ಯಿಂದ ಸಿಕ್ಕಿತು. “ಮನುಷ್ಯ ತಪ್ಪಬಹುದು, ಮಿಷನ್ ತಪ್ಪುವುದಿಲ್ಲ” ಎಂದು ಜನ ಹೇಳುತ್ತಿದ್ದರು. ಆ ಮಿಷನ್ನಿನ ಮುಂದೆ ಕೂತವನೂ ಮನುಷ್ಯನೇ ಎಂಬುದನ್ನು ನಾನೇ ಯಾಕೆ ನೆನಪಿಸಲಿ?

ನಮ್ಮದೇ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಸುಲೋಚನಕ್ಕ ಇದ್ದರು. ಕಾರ್ಕಳದ ಕಡೆಯವರು. ಗಂಡ ಕ್ಯಾಂಟೀನು ನಡೆಸುತ್ತಿದ್ದವರು ಬೇಗ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಮಮತಾಳನ್ನು ಓದಿಸಿದವರು. ಮಮತಾ ಠಾಣೆಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ತುಳು, ಲ್ಯಾಬಿನಲ್ಲಿ ಮರಾಠಿ. ನಾವು ಕನ್ನಡದಲ್ಲಿ ಮಾತಾಡಿಸಿದರೆ ಅರ್ಧ ಹಿಂದಿಯಲ್ಲಿ ಉತ್ತರ. ಸಾನಪಾಡಾದ ಪ್ರಶಾಂತ ಎಂಬ ಹುಡುಗನನ್ನು ಅವಳೇ ಮೆಚ್ಚಿದ್ದಳು. ಜಾತಿ ಒಂದೇ, ಹುಡುಗ ಒಳ್ಳೆಯವನು, ಎರಡೂ ಮನೆಯವರಿಗೆ ಒಪ್ಪಿಗೆ. ಇನ್ನೇನು ದಿನ ಇಡಬೇಕು ಎನ್ನುವಾಗ ಸುಲೋಚನಕ್ಕ, “ಒಮ್ಮೆ ಭಟ್ರ ಕಂಪ್ಯೂಟರಿನಲ್ಲಿ ನೋಡಿಸಿ ಬಿಡುವ” ಎಂದುಕೊಂಡು ಮಗಳ ಜೊತೆ ನಮ್ಮ ಮನೆಗೆ ಇಳಿದು ಬಂದರು. ಅದು ಎರಡು ಸಾವಿರದ ಹನ್ನೆರಡು.

ಮಮತಾಳ ಜಾತಕದ ಕೊನೆಯ ಪುಟ ಹೊರಬಂತು. ಸದ್ಯದ ದಶೆ: ಶನಿ. ಬಾಕಿ: ಎರಡು ವರ್ಷ ಮೂರು ತಿಂಗಳು.

ಇಷ್ಟೇ ಅದರಲ್ಲಿದ್ದದ್ದು. ಮುಂದಿನದನ್ನು ನಾನು ಸೇರಿಸಿದೆ. ಎರಡು ಸಲ ಕೆಮ್ಮಿ, “ಶನಿ ಇಳಿಯುವವರೆಗೆ ಮದುವೆ ಬೇಡ ಸುಲೋಚನಕ್ಕ,” ಎಂದೆ. ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮಾಡಿ ಎಂದರೆ ಜನ ಚಹಾ ಕುಡಿದು ಎದ್ದು ಹೋಗುತ್ತಾರೆ. ಬೇಡ ಎಂದರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಾರೆ. ಅಷ್ಟೇ ಕಾರಣ.

ಸುಲೋಚನಕ್ಕ ಕುರ್ಚಿ ಎಳೆದುಕೊಂಡರು. ಮಮತಾ ನನ್ನ ಮುಖ ನೋಡಿದಳು.

ಆರೇಳು ತಿಂಗಳು ಕಳೆದ ಮೇಲೆ ತಾಯಿ ಮಗಳು ಮತ್ತೆ ಬಂದರು. ಬಾಕಿ ಎಷ್ಟು ಉಳಿದಿದೆ ನೋಡಿ ಎಂದರು. ನೋಡಿದೆ. ಎರಡು ವರ್ಷ ಮೂರು ತಿಂಗಳು. ಪುಟವನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ, ಆದರೆ ಫ್ಯಾನಿನ ಕೆಳಗಿನ ಕುರ್ಚಿ ಸುಲಭವಾಗಿ ಬಿಡುವಂಥದ್ದಲ್ಲ. “ಶನಿ ವಕ್ರಿಯಾಗಿದ್ದಾನೆ, ಹಿಂದೆ ಹಿಂದೆ ಬಂದಿದ್ದಾನೆ,” ಎಂದೆ. ಮತ್ತೊಂದು ವರ್ಷ ಬಿಟ್ಟು ಮೂರನೇ ಸಲ ತೆಗೆದಾಗಲೂ ಎರಡು ವರ್ಷ ಮೂರು ತಿಂಗಳೇ. ಆಗ ಹೇಳಿದೆ: “ಶನೈಶ್ಚರ ಎಂದರೇ ನಿಧಾನ ನಡೆಯುವವನು ಎಂದರ್ಥ ಮಗಾ.”

“ನಡೆಯುವವನು ಅಲ್ವಾ ಮಾಮಾ?” ಎಂದಳು ಮಮತಾ. “ಯೇ ತೋ ಬೈಠಾ ಹೈ.”

ಇವನು ಕೂತುಬಿಟ್ಟಿದ್ದಾನಲ್ಲ, ಎಂದು. ಲ್ಯಾಬಿನಲ್ಲಿ ದಿನವೂ ರಕ್ತ ನೋಡಿ ವರದಿ ಬರೆಯುವ ಹುಡುಗಿ. ಒಂದೇ ಮನುಷ್ಯನ ಮೂರು ವರದಿ ಅಕ್ಷರ ಬದಲಾಗದೆ ಒಂದೇ ರೀತಿ ಬಂದರೆ ಯಂತ್ರ ಕೆಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗಬೇಕಿತ್ತು. ಅಷ್ಟು ಹೊತ್ತಿಗೆ ಕಂಪ್ಯೂಟರಿಗೆ ಇನ್ನೊಂದು ಚಾಳಿ ಬಂದಿತ್ತು. ಶುರು ಮಾಡಿದಾಗಲೆಲ್ಲ ಕಪ್ಪು ಪರದೆಯ ಮೇಲೆ ಏನೋ ಎರಡು ಸಾಲು ಇಂಗ್ಲಿಷ್ ಬಂದು, ಮುಂದುವರಿಯಲು ಎಫ್-ಒನ್ ಒತ್ತಿ ಎನ್ನುತ್ತಿತ್ತು. ಆ ಎರಡು ಸಾಲನ್ನು ನಾನು ಒಮ್ಮೆಯೂ ಓದಲಿಲ್ಲ. ಸಂಕಲ್ಪದಲ್ಲಿ ಪುರೋಹಿತರು ಹೇಳಿದಾಗ ನೀರು ಬಿಟ್ಟ ಹಾಗೆ ಭಕ್ತಿಯಿಂದ ಎಫ್-ಒನ್ ಒತ್ತುತ್ತಿದ್ದೆ. ಮೂಲೆಯ ಗಡಿಯಾರವೂ ಯಾವಾಗ ಶುರು ಮಾಡಿದರೂ ಹನ್ನೆರಡರಿಂದ ಹೊರಡುತ್ತಿತ್ತು. ವಾರಿಜಾ ಕೇಳಿದ್ದಕ್ಕೆ, “ಅದು ಅಮೆರಿಕದ ಸಮಯ,” ಎಂದಿದ್ದೆ.

“ಅಮೆರಿಕದಲ್ಲಿ ಯಾವಾಗಲೂ ಹನ್ನೆರಡು ಗಂಟೆಯಾ?” ಎಂದು ಕೇಳಿ ಅವಳು ಇಸ್ಪೀಟಿಗೆ ಕೂತಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಎಕ್ಸ್‌ಪಿಗೆ ಇನ್ನು ಮುಂದೆ ಕಂಪನಿಯ ಬೆಂಬಲ ಇಲ್ಲ ಎಂದು ಪೇಪರಿನಲ್ಲೆಲ್ಲ ಬಂತು. ಅದಕ್ಕೂ ಮೊದಲೇ ನಮ್ಮ ಕಂಪ್ಯೂಟರಿನಲ್ಲಿ ಮೇಲ್ ತೆರೆಯುವುದು ನಿಂತಿತ್ತು. ಯಾವ ಪುಟಕ್ಕೆ ಹೋದರೂ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ತಕರಾರು. ಶ್ರೇಯಾ ಅಷ್ಟರಲ್ಲಿ ಮಹಾಪೆಯ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಆಫೀಸಿನ ಲ್ಯಾಪ್‌ಟಾಪ್ ಬಂದ ಮೇಲೆ ಮನೆಯ ಯಂತ್ರವನ್ನು ಅವಳು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತೇ ರೋಗ ಹೇಳಿದಳು: “ಪಪ್ಪಾ, ಎಕ್ಸ್‌ಪಿ ಖತಮ್ ಹೋ ಗಯಾ. ಅಪ್‌ಗ್ರೇಡ್ ಕರೋ, ನಹೀ ತೋ ಯೇ ಡಬ್ಬಾ ಭಂಗಾರ್ ಮೇ ದೇ ದೋ.”

ಗುಜರಿಗೆ! ನನ್ನ ಮುಂದಿನ ಸಾಲಿನ ಕುರ್ಚಿ, ಫ್ಯಾನು, ಎಲ್ಲ ಅದರೊಳಗಿತ್ತು. ಅಪ್‌ಗ್ರೇಡ್ ಮಾಡುವುದೆಂದು ನಿರ್ಧರಿಸಿದೆ. ಯಾವುದಕ್ಕೆ? ಅದನ್ನು ತೀರ್ಮಾನಿಸಲು ಮೂರು ತಿಂಗಳು ಹಿಡಿಯಿತು.

ಬೆಳಗಿನ ಲೋಕಲ್ ರೈಲಿನಲ್ಲಿ ನಮ್ಮದೊಂದು ಗುಂಪಿತ್ತು. ಕಲ್ಯಾಣ ಸ್ಟೇಶನಿನಲ್ಲೇ ಹತ್ತಿ ಬರುವ, ಧಾರವಾಡ ಮೂಲದ ಪಾಟೀಲರು ನನಗೆ ಒಂದೂವರೆ ಅಂಗೈ ಅಗಲದ ಜಾಗ ಹಿಡಿದಿಡುತ್ತಿದ್ದರು. ಅವರದು ಒಂದೇ ಮಾತು: “ಏ ಬಿಡ್ರಿ ಭಟ್ಟರ, ನಡದಿದ್ದಕ್ಕ ಯಾಕ ಕೈ ಹಚ್ಚತೀರಿ? ನಮ್ಮ ಮನ್ಯಾಗ ಎಕ್ಸ್‌ಪಿಕಿಂತ ಹಳೇದು, ತೊಂಬತ್ತೆಂಟು, ಇನ್ನೂ ನಡದೈತಿ.” ಅದರಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. “ಏನೂ ಮಾಡಂಗಿಲ್ಲ. ಅದಕ್ಕ ಕೆಟ್ಟಿಲ್ಲ,” ಎಂದರು.

ಇನ್ನೊಬ್ಬ ನಾಗೇಂದ್ರ. ಬೆಂಗಳೂರಿನವನು, ಠಾಣೆಯಲ್ಲಿ ಗಾಡಿ ಬದಲಿಸಿ ಮಹಾಪೆ ಕಡೆಗೆ ಹೋಗುತ್ತಿದ್ದ. ಅವನಿಗೆ ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆಯ ಮೇಲೆ ಹೊಸದಾಗಿ ಮತಾಂತರಗೊಂಡವನ ಶ್ರದ್ಧೆ. “ಹಾಕ್ಕೊಂಡ್ಬಿಡಿ ಸಾರ್, ಸ್ವಾತಂತ್ರ್ಯ ಅಂದ್ರೆ ಏನು ಅಂತ ಗೊತ್ತಾಗತ್ತೆ,” ಎನ್ನುತ್ತಿದ್ದ. ಒಬ್ಬನ ಮೊಣಕೈ ಬೆನ್ನಿಗೂ ಇನ್ನೊಬ್ಬನ ಬ್ಯಾಗು ಹೊಟ್ಟೆಗೂ ಚುಚ್ಚುತ್ತಿರುವಾಗ ದಿವಾ ಸ್ಟೇಶನಿನಿಂದ ಠಾಣೆಯವರೆಗೆ ಸ್ವಾತಂತ್ರ್ಯದ ಮೇಲೆ ಭಾಷಣ ಕೇಳುವ ಸುಖ ನಿಮಗೆ ಬಾರದಿರಲಿ. ಆದರೂ ಸಹಿಸಿಕೊಂಡೆ. ನಾಗೇಂದ್ರ ನನ್ನ ಭಕ್ತನೂ ಆಗಿದ್ದ. ಹಿಂದಿನ ವರ್ಷ ನಾನು ಅವನಿಗೆ ಗುರುದಶೆ ಇದೆ, ಪ್ರಮೋಷನ್ ಆಗುತ್ತದೆ ಎಂದಿದ್ದೆ. ಆಗಿಯೂ ಬಿಟ್ಟಿತ್ತು.

ಮನೆಯಲ್ಲೂ ಬೇಡಿಕೆಗಳ ಪಟ್ಟಿ ಇತ್ತು. “ನನಗೆ ನನ್ನ ಇಸ್ಪೀಟು ಬೇಕು. ಉಳಿದದ್ದು ನೀವು ಯಾವ ಬಾವಿಗೆ ಬೇಕಾದರೂ ಹಾಕಿ,” ಎಂದಳು ವಾರಿಜಾ. ಶ್ರೇಯಾ ಎಕ್ಸ್‌ಪಿಯ ನಂತರ ಬಂದ ಸೆವೆನ್ ಎಂದಳು, ಮರುದಿನ ಅದಕ್ಕೂ ಹೊಸದಾದ ಏಯ್ಟ್ ಎಂದಳು, ಮೂರನೇ ದಿನ ತಲೆಗೆ ಕೈ ಹಚ್ಚಿ ಒಳಗೆ ಹೋದಳು. ನಾನು ಎಲ್ಲರೆದುರು ವೇಗ, ಭದ್ರತೆ ಎಂದು ದೊಡ್ಡ ಮಾತಾಡುತ್ತಿದ್ದರೂ ಒಳಗೊಳಗೆ ಒಂದೇ ಪ್ರಶ್ನೆ: ಜಾತಕದ ಸಿ.ಡಿ. ಯಾವುದರಲ್ಲಿ ಓಡುತ್ತದೆ? ಆದರೆ ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆ.

ಕೊನೆಗೊಂದು ಭಾನುವಾರ ಬೆಳಿಗ್ಗೆ ನಾಗೇಂದ್ರನೇ ಲಿನಕ್ಸ್ ಸಿ.ಡಿ. ಹಿಡಿದು ಬಂದ. ಒಳಗೇನೂ ಬದಲಿಸದೆ ಸಿ.ಡಿ.ಯಿಂದಲೇ ನಡೆಸಿ ತೋರಿಸುತ್ತೇನೆ ಎಂದ. ಹತ್ತು ನಿಮಿಷ ಗರಗರ ಎಂದ ಮೇಲೆ ಹೊಸ ಪರದೆ ಬಂತು. ಚೆನ್ನಾಗಿಯೇ ಇತ್ತು. ನಾನು ಮೆಲ್ಲನೆ ಜಾತಕದ ಸಿ.ಡಿ. ಮುಂದಿಟ್ಟೆ. ಅವನು ನೋಡಿ, “ಇದು ಇದರಲ್ಲಿ ಓಡಲ್ಲ ಸಾರ್,” ಎಂದ. ವಾರಿಜಾ ತನ್ನ ಇಸ್ಪೀಟು ಕೇಳಿದಳು. “ಅದೂ ಇದೇ ಥರ ಇರಲ್ಲ ಆಂಟಿ. ಆದ್ರೆ ಸಿಸ್ಟಮ್ ಎಷ್ಟು ಚೆನ್ನಾಗಿ ಓಡ್ತಿದೆ ನೋಡಿ!”

“ಒಳಗೆ ಯಾರೂ ಇಲ್ಲದ ಗಾಡಿ ಯಾವುದೂ ಚೆನ್ನಾಗಿಯೇ ಓಡ್ತದೆ,” ಎಂದಳು ವಾರಿಜಾ.

ಅಷ್ಟರಲ್ಲಿ ನಾಗೇಂದ್ರನ ಕಣ್ಣು ಪರದೆಯ ಮೇಲಂಚಿಗೆ ಹೋಯಿತು. ಎಕ್ಸ್‌ಪಿಯಲ್ಲಿ ಬರೀ ಗಂಟೆ ಕಾಣುತ್ತಿತ್ತು. ಇದರಲ್ಲಿ ತಾರೀಖೂ ಕಾಣುತ್ತಿತ್ತು. ಅದರ ಮೇಲೆ ಒತ್ತಿದ. ಒಂದು ಪುಟ್ಟ ಕ್ಯಾಲೆಂಡರ್ ಬಿಚ್ಚಿಕೊಂಡಿತು.

“ಸಾರ್, ಇದೇನಿದು? ಎರಡು ಸಾವಿರದ ಎರಡು, ಜನವರಿ ಒಂದು ಅಂತಿದೆ.”

ನಾನು ಅಮೆರಿಕ ಎನ್ನಲು ಬಾಯಿ ತೆರೆದು ಮುಚ್ಚಿದೆ.

ಅವನು ಡಬ್ಬ ಬಿಚ್ಚಿದ. ಒಳಗೆ ಮೂಗಿಗೆ ಹಾಕುವ ನತ್ತಿಗಿಂತ ತುಸು ದೊಡ್ಡ, ಗುಂಡನೆಯ ಬ್ಯಾಟರಿಯೊಂದಿತ್ತು. ಕಂಪ್ಯೂಟರ್ ಬಂದ್ ಇರುವಾಗ ದಿನ, ಗಂಟೆಯ ಲೆಕ್ಕ ಇಡುವುದು ಅದೇ ಎಂದು ವಿವರಿಸಿದ. ಅದು ಸತ್ತು ಎರಡು ವರ್ಷಕ್ಕೂ ಹೆಚ್ಚಾಗಿರಬೇಕು. ಸ್ವಿಚ್ಚು ಹಾಕಿದಾಗಲೆಲ್ಲ ಯಂತ್ರ ಎರಡು ಸಾವಿರದ ಎರಡರ ಹೊಸವರ್ಷದ ದಿನಕ್ಕೆ ಹೋಗಿ ನಿಲ್ಲುತ್ತಿತ್ತು. ಮೇಲ್ ತೆರೆಯದಿದ್ದದ್ದೂ ಅದಕ್ಕೇ. ಎರಡು ಸಾವಿರದ ಎರಡರಲ್ಲಿ ಕೂತವನಿಗೆ ಹದಿನಾಲ್ಕರ ಸರ್ಟಿಫಿಕೇಟ್ ಸುಳ್ಳಾಗಿಯೇ ಕಾಣುತ್ತದೆ. ಎಫ್-ಒನ್ ಒತ್ತಿ ಎನ್ನುವ ಮೊದಲಿನ ಆ ಎರಡು ಸಾಲು ಇದನ್ನೇ ದಿನವೂ ಹೇಳುತ್ತಿತ್ತಂತೆ. ಮೂರು ತಿಂಗಳ ಚರ್ಚೆ, ಲೋಕಲ್ಲಿನ ಭಾಷಣಗಳು, ನನ್ನ ಮಗಳ ಇಂಜಿನಿಯರಿಂಗ್, ಎಲ್ಲಕ್ಕೂ ಉತ್ತರ ಗಡಿಯಾರದ ಅಂಗಡಿಯಲ್ಲಿ ಸಿಗುವ ಒಂದು ಬ್ಯಾಟರಿ.

ನಾಗೇಂದ್ರ ಕೆಳಗಿಳಿದು ಹೋಗಿ ಹೊಸದು ತಂದು ಹಾಕಿ, ತಾರೀಖು ಸರಿಮಾಡಿದ. ನಾನು ಮಾತ್ರ ಎದ್ದಿರಲಿಲ್ಲ. ‘ಸದ್ಯದ ದಶೆ’ ಎನ್ನುವಾಗ ಆ ಸಿ.ಡಿ. ‘ಸದ್ಯ’ವನ್ನು ಎಲ್ಲಿಂದ ತರುತ್ತದೆ ಎಂಬುದು ಆಗ ಹೊಳೆಯಿತು. ಕಂಪ್ಯೂಟರಿನ ಗಡಿಯಾರದಿಂದ. ಎರಡು ವರ್ಷಗಳಿಂದ ನಾನು ಡೊಂಬಿವಲಿಯ ಕನ್ನಡಿಗರಿಗೆಲ್ಲ ಹನ್ನೆರಡು ವರ್ಷ ಹಿಂದಿನ ಭವಿಷ್ಯ ಹೇಳುತ್ತಿದ್ದೆ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು: ಒಬ್ಬರೂ ಬಂದು ನೀವು ಹೇಳಿದ್ದು ತಪ್ಪು ಎಂದಿರಲಿಲ್ಲ. ಎಲ್ಲರಿಗೂ ಸರಿಯಾಗಿಯೇ ಹೊಂದಿತ್ತು!

ನಾಗೇಂದ್ರನ ಮುಖದಲ್ಲೂ ಅದೇ ಲೆಕ್ಕ ನಡೆಯುತ್ತಿತ್ತು. “ಅಂದ್ರೆ ಸಾರ್, ನನ್ನ ಗುರುದಶೆ?”

“ಮುಗಿದು ಎಷ್ಟೋ ಕಾಲ ಆಗಿರಬೇಕು.”

“ಪ್ರಮೋಷನ್ ಆಯ್ತಲ್ಲ ಸಾರ್?”

“ನೀನು ಕೆಲಸ ಮಾಡಿದ್ದಕ್ಕೆ ಆಗಿರಬಹುದು.”

ಆ ಸಾಧ್ಯತೆ ಅವನಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಸ್ಕ್ರೂ ತಿರುಗಿಸುತ್ತ ದನಿ ತಗ್ಗಿಸಿ ಹೇಳಿದ: “ಇದನ್ನ ಇಲ್ಲಿಗೇ ಬಿಟ್ಬಿಡೋಣ ಸಾರ್. ಆಫೀಸ್‌ನಲ್ಲಿ ನಿಮ್ಮ ಹೆಸರು ಹೇಳಿ ಮೂರು ಜನಕ್ಕೆ ಜಾತಕ ಮಾಡಿಸಿಕೊಟ್ಟಿದೀನಿ.” ಸ್ವಾತಂತ್ರ್ಯದ ಮಾತು ಆ ದಿನ ಮತ್ತೆ ಬರಲಿಲ್ಲ.

ಅವನು ಹೋದ ಮೇಲೆ ಎಕ್ಸ್‌ಪಿಯಲ್ಲೇ ಮಮತಾಳ ಜಾತಕ ತೆಗೆದೆ. ಸದ್ಯದ ದಶೆ: ಬುಧ. ಶನಿ? ನನ್ನ ಜನ್ಮದಲ್ಲೇ ಮೊದಲ ಸಲ ನಡುವಿನ ಕೋಷ್ಟಕ ಓದಿದೆ. ಪುಷ್ಯ ನಕ್ಷತ್ರದ ಹುಡುಗಿ. ಹುಟ್ಟಿದಾಗಲೇ ಶುರುವಾದ ಶನಿದಶೆ ಹತ್ತೊಂಬತ್ತು ತುಂಬುತ್ತಲೇ ಮುಗಿದಿತ್ತು. ಶನಿ ಇಳಿದುಹೋಗಿ ಹತ್ತು ವರ್ಷವಾಗಿತ್ತು. ಅವಳ ಹೆಗಲ ಮೇಲೆ ಕೂತಿದ್ದವನು ನಾನು.

ವಾರಿಜಾಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ಈಗ ಎಂತ ಮಾಡ್ತೀರಿ?”

“ಶನಿ ಇಳಿದ ಅಂತ ಹೇಳಿದರೆ ಆಯ್ತಲ್ಲ. ಎರಡು ವರ್ಷ ಹೇಗೂ ಆಯ್ತು.”

“ಅಂದರೆ ಶನಿ ತಪ್ಪು, ನೀವು ಸರಿ?” ಎಂದಳು. “ಹೋಗಿ ಸರಿಯಾಗಿ ಹೇಳಿ ಬನ್ನಿ. ನಾನೂ ಬರ್ತೇನೆ. ನೀವು ನಡುವೆ ಕೆಮ್ಮಿದರೆ ನಾನು ಮುಂದುವರಿಸ್ತೇನೆ.”

ಅಂದೇ ಮಧ್ಯಾಹ್ನ ಮೂರನೇ ಮಾಳಿಗೆಗೆ ಹೋದೆವು. ಸುಲೋಚನಕ್ಕ ಹಪ್ಪಳ ಲಟ್ಟಿಸುತ್ತಿದ್ದರು. ಮಮತಾ ಮನೆಯಲ್ಲಿದ್ದಳು. ಬ್ಯಾಟರಿ ಸತ್ತದ್ದು, ತಾರೀಖು ನಿಂತದ್ದು, ಶನಿ ಯಾವತ್ತೋ ಹೋದದ್ದು, ಮದುವೆ ಬೇಡ ಎಂದು ನಾನೇ ಸೇರಿಸಿ ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಆ ಶಬ್ದ ಬಾಯಿಂದ ಬರುವಾಗ ಹಲ್ಲು ಕಿತ್ತಷ್ಟು ನೋವಾಯಿತು.

ಸುಲೋಚನಕ್ಕ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ನನ್ನನ್ನು ಕನಿಕರದಿಂದ ನೋಡಿದರು.

“ಒಂದು ಸೆಲ್ಲು ಹಾಕಿದ್ದಕ್ಕೆ ಶನಿ ಹೋಗ್ತಾನಾ ಭಟ್ರೇ?”

“ಹೋಗುವುದಲ್ಲ ಸುಲೋಚನಕ್ಕ, ಹೋಗಿ ಆಗಿತ್ತು. ನಮಗೆ ಗೊತ್ತಾಗಲಿಲ್ಲ.”

“ಮೂರು ಸಲ ನೋಡಿದಿರಿ, ಮೂರು ಸಲವೂ ಶನಿಯೇ ಬಂದ. ಒಂದು ದಿನ ತಪ್ಪಲಿಲ್ಲ. ಇವತ್ತು ಒಂದು ಸಲ ಬುಧ ಬಂದ. ಮೂರು ಸಲ ಬಂದದ್ದು ಸುಳ್ಳು, ಒಂದು ಸಲ ಬಂದದ್ದು ನಿಜವಾ? ನೀವು ಒಳ್ಳೆಯವರು ಮಾರಾಯ್ರೇ. ಹುಡುಗಿಯ ಮುಖ ನೋಡಿ ಸಂಕಟ ಆಗಿ ಹೀಗೆ ಹೇಳ್ತಿದ್ದೀರಿ. ನನಗೆ ಗೊತ್ತಾಗ್ತದೆ.”

ವಾರಿಜಾ ಬಾಯಿ ಹಾಕಿದಳು, ನಾನು ಮತ್ತೊಮ್ಮೆ ವಿವರಿಸಿದೆ. ಉಹುಂ. ಜೀವನದ ಒಂದೇ ಒಂದು ಪ್ರಾಮಾಣಿಕ ಭವಿಷ್ಯ ಹೇಳಿದ ದಿನ ನನ್ನನ್ನು ನಂಬುವವರಿರಲಿಲ್ಲ. “ಅದು ಹಳೇ ಮಿಷನ್. ಹಾಳಾಗಿದ್ದನ್ನು ಬಿಚ್ಚಿ ಕಟ್ಟಿದರೆ ಏನೇನೋ ಬರ್ತದೆ. ನಾವು ಕಾಯುವವರೇ,” ಎಂದು ಸುಲೋಚನಕ್ಕ ಮಾತು ಮುಗಿಸಿದರು.

ಮಮತಾ ನಮ್ಮ ಹಿಂದೆಯೇ ಮೆಟ್ಟಿಲಿಗೆ ಬಂದಳು. ಬಾಗಿಲು ಎಳೆದುಕೊಂಡಳು. ಸಿಟ್ಟಿನಲ್ಲಿ ಕೂಗಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

“ಮಾಮಾ, ಪ್ರಶಾಂತನ ಮನೆಯವರು ಬೇರೆ ಹುಡುಗಿ ನೋಡ್ಲಿಕ್ಕೆ ಶುರು ಮಾಡಿದ್ದಾರೆ. ವೋ ಮನಾ ಕರ್ ರಹಾ ಹೈ. ಎಷ್ಟು ದಿನ ಬೇಡ ಅಂತಾನೆ?” ಎಂದಳು. ಅವಳೇ ಮತ್ತೆ ಕೇಳಿದಳು: “ನೀವು ಕಂಪ್ಯೂಟರಿಗೆ ಹೊಸದು ಹಾಕ್ತೀರಿ ಅಂತ ಶ್ರೇಯಾ ಹೇಳ್ತಿದ್ದಳು. ಯಾವುದು ಹಾಕ್ತೀರಿ?”

“ಈಗ ಬೇಕಿಲ್ಲ ಮಗಾ. ಬ್ಯಾಟರಿಯಿಂದಲೇ ಸರಿಹೋಯ್ತು.”

“ಬೇಕು,” ಎಂದಳು. “ಜೋ ಸಬ್ ಸೇ ನಯಾ ದಿಖ್ತಾ ಹೈ ವೋ ಡಾಲೋ. ಅಮ್ಮನಿಗೆ ರಿಪೇರಿ ಮೇಲೆ ನಂಬಿಕೆ ಇಲ್ಲ. ಹೊಸದರ ಮೇಲೆ ಉಂಟು. ನೀವು ಸುಳ್ಳು ಹೇಳುವುದು ಬೇಡ. ಹೊಸದು ಹಾಕಿದ್ದೇವೆ ಅಂತ ಮಾತ್ರ ಹೇಳಿ.”

ಹೀಗೆ ಮೂರು ತಿಂಗಳಿಂದ ಬಗೆಹರಿಯದ ಆಯ್ಕೆ ಮೆಟ್ಟಿಲ ಮೇಲೆ ಎರಡು ನಿಮಿಷದಲ್ಲಿ ಮುಗಿಯಿತು. ವೇಗ, ಭದ್ರತೆ, ಸ್ವಾತಂತ್ರ್ಯ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಯಾವುದು ಹೆಚ್ಚು ಹೊಸದಾಗಿ ಕಾಣುತ್ತದೆ? ಯಾವುದರಲ್ಲಿ ಆ ಸಿ.ಡಿ. ಓಡುತ್ತದೆ? ಏಯ್ಟ್ ನಮ್ಮ ಹಳೆಯ ಪ್ರೊಸೆಸರಿಗೆ ಹತ್ತುವುದಿಲ್ಲ ಎಂದ ನಾಗೇಂದ್ರ. ಉಳಿದದ್ದು ಸೆವೆನ್. ಲಿನಕ್ಸಿನ ಪರಮಭಕ್ತ ತಲೆ ತಗ್ಗಿಸಿ ಕೂತು, ಮುಂದಿನ ಭಾನುವಾರ ಇಡೀ ದಿನ ಸೆವೆನ್ ಹಾಕಿದ. ಹೆಚ್ಚುವರಿ ಮೆಮೊರಿ ಸೇರಿಸಿದ. ಜಾತಕದ ಸಿ.ಡಿ. ಮೊದಲು ಮುಷ್ಕರ ಹೂಡಿತು. ‘ನೀನು ಎಕ್ಸ್‌ಪಿಯಲ್ಲೇ ಇದ್ದೀ’ ಎಂದು ಅದನ್ನು ನಂಬಿಸುವ ಒಂದು ಸೌಲಭ್ಯ ಸೆವೆನ್‌ನಲ್ಲಿತ್ತು. ನಂಬಿಸಿದ್ದಾಯಿತು. ಯಂತ್ರಕ್ಕೂ ಮನುಷ್ಯರಿಗೂ ಒಂದೇ ಉಪಾಯ.

ಸುಲೋಚನಕ್ಕ ಪಟ್ಟೆ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಬಂದರು. ನಾನು ಮೊದಲೇ ಹೇಳಿಬಿಟ್ಟೆ: “ನೋಡಿ ಸುಲೋಚನಕ್ಕ, ಹೊಸ ಸಿಸ್ಟಮ್ ಹಾಕಿದ್ದೇವೆ. ಆದರೆ ಬದಲಾವಣೆ ಆದದ್ದು ಆ ಬ್ಯಾಟರಿಯಿಂದಲೇ.” ಅವರು ಮೊದಲ ವಾಕ್ಯಕ್ಕೆ ತಲೆಯಾಡಿಸಿದರು, ಎರಡನೆಯದನ್ನು ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರ್ ಶುರುವಾಯಿತು. ಕಪ್ಪು ಪರದೆಯಲ್ಲಿ ನಾಲ್ಕು ಬಣ್ಣದ ಬೆಳಕಿನ ಹುಂಡುಗಳು ತೇಲಿ ಬಂದು ಸೇರಿದವು. ಗಂಟೆ ಬಾರಿಸಿದ ಹಾಗೆ ಸ್ವರ ಬಂತು. ನೀಲಿ ಬೆಳಕು ಹರಡಿತು. ಸುಲೋಚನಕ್ಕ ಕೈಮುಗಿದರು. ಕೊನೆಯ ಪುಟ ಹೊರಬಂತು. ಬುಧ. ಬಾಕಿ ಆರು ವರ್ಷ ಎಂಟು ತಿಂಗಳು.

“ನೋಡಿದಿರಾ!” ಎಂದು ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಹೊಸದರಲ್ಲಿ ಶನಿಯೇ ಇಲ್ಲ. ಆ ಹಳೇದನ್ನು ನೀವು ಮೊದಲೇ ತೆಗೆಯಬೇಕಿತ್ತು ಭಟ್ರೇ. ನನ್ನ ಮಗಳ ಎರಡು ವರ್ಷ ದಂಡ ಆಯ್ತು.”

ಅದು ಪೂರ್ತಿ ನಿಜವಾಗಿತ್ತು. ಕಾರಣ ಮಾತ್ರ ಬೇರೆ. ನಾನು ಹೌದು ಎಂದೆ. ಕಿಟಕಿಯ ಬಳಿ ನಿಂತಿದ್ದ ಮಮತಾ ಫೋನಿನಲ್ಲಿ ಯಾರಿಗೋ ಬರೆಯುತ್ತಿದ್ದಳು. ಬೆರಳು ಬೇಗ ಬೇಗ ಓಡುತ್ತಿತ್ತು.

ಮನಸ್ಸು ತಡೆಯದೆ ಲೋಕಲ್ಲಿನಲ್ಲಿ ಪಾಟೀಲರ ಮುಂದೆಯೂ ಪೂರ್ತಿ ಒಪ್ಪಿಕೊಂಡೆ. ನಿಮಗೆ ಹೇಳಿದ್ದೂ ಸುಳ್ಳು ಲೆಕ್ಕ ಎಂದೆ. ಅವರು ಸಂಯಮದಿಂದ ಕೇಳಿ, “ಹೌದೇನ್ರಿ? ಹಂಗಾರ ನಂದೊಂದು ಹೊಸದರಾಗ ತಗೀರಿ,” ಎಂದು ಹುಟ್ಟಿದ ಹೊತ್ತು ಬರೆದ ಚೀಟಿ ಕೊಟ್ಟರು. ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲೂ ನಡುವಿನ ಕುರ್ಚಿ ಸಿಕ್ಕಿತು. ನಾನು ಇನ್ನು ಜಾತಕ ನೋಡುವುದಿಲ್ಲ ಎಂದಾಗ ಜನ ಅದನ್ನು ವಿನಯ ಎಂದುಕೊಂಡರು. ನಿಜ ಹೇಳಬೇಕೆಂದರೆ, ಆ ಕುರ್ಚಿಯಿಂದ ನಾನಾಗಿ ಎದ್ದು ಹಿಂದಕ್ಕೆ ಹೋಗಲೂ ಇಲ್ಲ.

ಮದುವೆ ನೌಪಾಡಾದ ಸಭಾಭವನವೊಂದರಲ್ಲಿ ಆಯಿತು. ಪ್ರಶಾಂತ ನೋಡಲು ಸೌಮ್ಯ. ಕಾದು ಕಾದು ಕಣ್ಣ ಕೆಳಗೆ ಸ್ವಲ್ಪ ಕಪ್ಪಾಗಿತ್ತು. ಊಟಕ್ಕೆ ಮೊದಲು ಸುಲೋಚನಕ್ಕ ಹಿರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲ್ಲರಿಗಿಂತ ಮೊದಲು ನನ್ನನ್ನು ಮುಂದಕ್ಕೆ ತಂದರು. “ಭಟ್ರ ಆಶೀರ್ವಾದ ತಕ್ಕೊಳ್ಳಿ. ಇವರಿಂದಲೇ ಈ ಮದುವೆ,” ಎಂದು ಬೀಗರಿಗೆ ಪರಿಚಯಿಸಿದರು. ಬೀಗರು ಭಕ್ತಿಯಿಂದ ನೋಡಿದರು. ವಾರಿಜಾ ಬೇರೆ ಕಡೆ ನೋಡಿದಳು.

ಪ್ರಶಾಂತ ಬಗ್ಗಿದ. ಆಮೇಲೆ ಮಮತಾ ಬಗ್ಗಿದಳು. “ಬೇಡ ಮಗಾ, ಬೇಡ,” ಎಂದು ಕಾಲು ಹಿಂದಕ್ಕೆ ಎಳೆದುಕೊಂಡೆ.

ಅವಳು ಬಗ್ಗಿದಲ್ಲಿಂದ ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ಪೈರ್ ಮತ್ ಹಟಾವೋ ಮಾಮಾ. ಅಮ್ಮ ದೇಖ್ ರಹೀ ಹೈ.”

ಕಾಲು ತೆಗೆಯಬೇಡಿ, ಅಮ್ಮ ನೋಡುತ್ತಿದ್ದಾಳೆ. ನಾನು ಕಾಲನ್ನು ಮೊದಲಿದ್ದಲ್ಲಿಗೆ ತಂದು ಇಟ್ಟೆ. ಬಿಸಿ ಪಾತ್ರೆಯನ್ನು ಮುಟ್ಟಿ ನೋಡುವ ಹಾಗೆ ಅವಳು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಸಾಲಿನಲ್ಲಿ ಮುಂದೆ ನಿಂತಿದ್ದವರ ಕಡೆಗೆ ಹೋದಳು.